ಅಪ್ಪನನ್ನು ಕರೆದುಕೊಂಡು ಬಾ

"ಗುರುಗಳೇ, ಮಾತು ಕೇಳದ ಹುಡುಗನೊಬ್ಬನನ್ನು ಇವತ್ತು ಹೊರಗೆ ಕಳಿಸಿದೆ. ಅಪ್ಪನನ್ನು ಕರೆದುಕೊಂಡು ಬರುವವರೆಗೆ ಶಾಲೆಯೊಳಗೆ ಕಾಲಿಡಬೇಡ ಅಂದೆ. ಶಿಸ್ತಿಗೆ ಇದು ಸರಿ ತಾನೇ?" ಮಠದ ಶಾಲೆ ನೋಡಿಕೊಳ್ಳುತ್ತಿದ್ದ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ಒಬ್ಬ ಹೆಡ್‌ಮಾಸ್ಟರ್ ಇದ್ದ. ಬಲು ಶಿಸ್ತಿನ ಮನುಷ್ಯ. ಒಂದು ದಿನ ಒಬ್ಬ ಹುಡುಗ ಮಧ್ಯಾಹ್ನವೇ ಮನೆಗೆ ಬಿಡುವ ಗಂಟೆ ಹೊಡೆದುಬಿಟ್ಟ. ಮಕ್ಕಳಿಗಿಂತ ಮೊದಲು ಮೇಷ್ಟ್ರುಗಳು ಗೇಟು ದಾಟಿದರು. ಶಿಕ್ಷೆ ಮಾತ್ರ ಹುಡುಗನಿಗಾಯಿತು. ಅಪ್ಪನನ್ನು ಕರೆದುಕೊಂಡು ಬಾ, ಅಲ್ಲಿಯವರೆಗೆ ಹೊಸ್ತಿಲು ದಾಟಬೇಡ ಅಂದ ಹೆಡ್‌ಮಾಸ್ಟರ್.

ಹುಡುಗನಿಗೆ ತಾಯಿ ಇರಲಿಲ್ಲ. ಅಪ್ಪ ಕಬ್ಬು ಕಡಿಯುವ ತಂಡದ ಜೊತೆ ದೂರದ ಸೀಮೆಗೆ ಹೋಗಿದ್ದ. ಹುಡುಗ ಅಜ್ಜಿಗೆ ಹೇಳಿ ಹೊರಟ. ಯಾರ ಮಾತೂ ಕೇಳದವನು ಆ ಒಂದು ಮಾತು ಕೇಳಿದ. ಒಂದು ಗದ್ದೆಗೆ ಹೋದರೆ, ತಂಡ ಮುಂದಿನ ಊರಿಗೆ ಹೋಯಿತು ಅಂದರು. ಅಲ್ಲಿಗೆ ಹೋದರೆ, ಅದು ಬೇರೆ ತಂಡ. ಹಸಿದು ನಿಂತವನಿಗೆ ಅಲ್ಲಿನ ಮೇಸ್ತ್ರಿ ಊಟ ಹಾಕಿದ, ಕೈಗೆ ಮಚ್ಚು ಕೊಟ್ಟ. ಅಪ್ಪ ಸಿಗಲಿಲ್ಲ, ಕೆಲಸ ಸಿಕ್ಕಿತು.

ಬೇಸಿಗೆಗೆ ಅಪ್ಪ ಇನ್ನೊಂದು ದಾರಿಯಲ್ಲಿ ಊರಿಗೆ ಬಂದ. ಮಗ ಎಲ್ಲಿ ಅಂದ. ನಿನ್ನನ್ನೇ ಕರೆಯೋಕೆ ಹೋಗಿದ್ದಾನೆ ಅಂದರು. ಮಗನನ್ನು ಹುಡುಕಿಕೊಂಡು ಹೋದ ಅಪ್ಪ ತಿರುಗಿ ಬರಲಿಲ್ಲ.

ಶಾಲೆಯಲ್ಲಿ ಮಾತ್ರ ಆಮೇಲೆ ಗಂಟೆ ಹೊತ್ತಿಗೆ ಸರಿಯಾಗಿ ಹೊಡೆಯಿತು.

ಎಷ್ಟೋ ವರ್ಷದ ಮೇಲೆ, ಊರೂರಿಗೆ ವರ್ಗವಾಗಿ ತಿರುಗಿದ ಹೆಡ್‌ಮಾಸ್ಟರ್ ಮತ್ತೆ ಅದೇ ಶಾಲೆಗೆ ಬಂದ. ಒಬ್ಬಳು ಹುಡುಗಿ ತಂಟೆ ಮಾಡಿದಳು. ಅವಳಿಗೂ ಅದನ್ನೇ ಹೇಳಿದ. ಹುಡುಗಿ ಊಟದ ಬಿಡುವಿನೊಳಗೆ ಅಪ್ಪನನ್ನು ಕರೆದುಕೊಂಡು ಬಂದಳು. ಹೆಡ್‌ಮಾಸ್ಟರಿಗೆ ಸಂತೋಷವಾಯಿತು. ಆ ಮನುಷ್ಯ ಮಾತ್ರ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತೇ ಇದ್ದ.

"ಒಳಗೆ ಬಾರಯ್ಯ," ಅಂದ ಹೆಡ್‌ಮಾಸ್ಟರ್.

"ಬರೋ ಹಾಗಿಲ್ಲ ಸಾರ್. ನಮ್ಮಪ್ಪ ಇನ್ನೂ ಸಿಕ್ಕಿಲ್ಲ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, ಹೆಡ್‌ಮಾಸ್ಟರ್ ಆಮೇಲೆ ಏನು ಮಾಡಿದ ಅಂತ ಕೇಳಿದ.

"ಅವನದು ಬಿಡು, ನೀನು ಕಳಿಸಿದ ಹುಡುಗ ಯಾವ ದಾರಿ ಹಿಡಿದ, ನೋಡಿದೆಯಾ?"