ನೀಲಿಗೆ ನೇಯ್ದ ಹಾಲಿನ ಚೀಲ

ಬಾ, ಇತ್ಲಾಗೆ ಸರಿದು ಮಲಕ್ಕೋ. ಕಂಬಳಿ ಎಳ್ಕೋ. ರಾಜನ ಕತೆ ಬೇಡ ಇವತ್ತು, ಒಂದು ಕೂಸಿನ ಕತೆ ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ಬೀದಿ ಉದ್ದಕ್ಕೂ ಬಣ್ಣ ಬಣ್ಣದ ನೂಲು ಒಣಹಾಕ್ತಿದ್ದ ಒಂದು ನೇಕಾರರ ಕೇರಿ ಇತ್ತಂತೆ. ಆ ಕೇರೀಲಿ ಲಕ್ಕವ್ವ ಅಂತ ಒಬ್ಬಳು ಮುದುಕಿ, ಅವಳಿಗೆ ಮೂರು ಜನ ಗಂಡುಮಕ್ಕಳು. ದೊಡ್ಡೋನು ಸಿದ್ದಮಲ್ಲ, ನಡುವಿನೋನು ಉಗ್ರಪ್ಪ, ಕಿರಿಯೋನು ತಮ್ಮಣ್ಣ. ಮೂರು ಜನಾನೂ ನೇಯೋರೇ. ಮದುವೆ ಆಗಿದ್ದು ಮಾತ್ರ ಸಿದ್ದಮಲ್ಲನಿಗೆ. ಅವನ ಹೆಂಡತಿ ಚೆನ್ನಾಜಿ ನಕ್ಕರೆ ನಾಲ್ಕು ಮನೆಗೆ ಕೇಳ್ತಿತ್ತಂತೆ, ಅಂಥ ನಗು. ಅವಳು ಒಂದು ಹೆಣ್ಣುಕೂಸು ಹೆತ್ತು, ಬಾಣಂತನದಲ್ಲೇ ತೀರಿಹೋದ್ಳಂತೆ.

ಆಮೇಲೆ ಸಿದ್ದಮಲ್ಲ ನೇಯೋಕೆ ಅಂತ ಮಗ್ಗದ ಗುಂಡಿಗೆ ಇಳೀಲೇ ಇಲ್ವಂತೆ. ಗೋಡೆಗೆ ಮುಖ ಮಾಡ್ಕೊಂಡು ಕೂತ್ಬಿಟ್ಟ. ಕೊಟ್ರೆ ಉಣ್ಣೋನು, ಕೊಡದಿದ್ರೆ ಇಲ್ಲ. ಕೂಸಿನ ಕಡೆ ತಿರುಗೀನೂ ನೋಡ್ತಿರ್ಲಿಲ್ಲ. ಲಕ್ಕವ್ವನೇ ಅದಕ್ಕೆ ನೀಲಿ ಅಂತ ಹೆಸರಿಟ್ಟು ಸಾಕಿದ್ಳು. ಎದುರುಮನೆಗೆ ಬಾಣಂತನಕ್ಕೆ ಅಂತ ಬಂದಿದ್ದ ಗಿರಿಜವ್ವ ಪುಣ್ಯಾತ್ಗಿತ್ತಿ, ತನ್ನ ಮಗೂಗೂ ಕೊಟ್ಟು ಇದಕ್ಕೂ ಮೊಲೆ ಕೊಟ್ಳಂತೆ. ಆದ್ರೆ ತವರಿಗೆ ಬಂದೋಳು ಎಷ್ಟು ದಿನ ಅಂತ ಇರ್ತಾಳೆ? ನೀಲಿ ಬೋರಲು ಬಿದ್ದು, ಅಂಬೆಗಾಲಿಡೋ ಹೊತ್ತಿಗೆ ಗಂಡ ಬಂದು ಕರ್ಕೊಂಡು ಹೋದ.

ಆಮೇಲೆ ಶುರುವಾಯ್ತು ನೋಡು ಕಷ್ಟ. ಹಸುವಿನ ಹಾಲು ಕುಡಿಸಿದ್ರೆ ಕೂಸಿನ ಮೈಯೆಲ್ಲ ದದ್ದು. ಮೇಕೆ ಹಾಲು ಕುಡಿಸಿದ್ರೆ ಕುಡಿದಷ್ಟೂ ಕಕ್ಕೋದು. ಕೆನ್ನೆ ಇಳಿದುಹೋಯ್ತು, ಅಳೋ ದನಿ ಬೆಕ್ಕಿನ ಮರಿ ದನಿ ಥರ ಸಣ್ಣಗಾಯ್ತು. ಆಗ ಲಕ್ಕವ್ವ ರಾಗಿ ನೆನೆಸಿ, ಮೊಳಕೆ ಬರ್ಸಿ, ಒರಳಲ್ಲಿ ನುಣ್ಣಗೆ ರುಬ್ಬಿ ರಾಗಿ ಹಾಲು ತೆಗೆಯೋಣ ಅಂತ ಕೂತ್ಳಂತೆ. ಹಳೇ ಸೀರೆ ತುಂಡಲ್ಲಿ ಸೋಸಿದ್ರೆ ಅದು ಸವೆದು ಸವೆದು ಅಲ್ಲಲ್ಲಿ ತೂತು, ತೌಡೆಲ್ಲ ಹಾಲಿಗೆ ಇಳಿದು, ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟೋ ಹಂಗಾಯ್ತು. ಇದಕ್ಕೆ ಅಂತಲೇ ಒಂದು ಚೀಲ ನೇಯ್ಕೊಡ್ರಪ್ಪಾ ಅಂದ್ಳು ಮಕ್ಕಳಿಗೆ.

ತಮ್ಮಣ್ಣ ಅವಸರದೋನು. ನಾನು ಕೊಡ್ತೀನಿ ತಗೋ ಅವ್ವಾ ಅಂದು ಮಧ್ಯಾಹ್ನದೊಳಗೇ ನೇಯ್ದು ಕೊಟ್ನಂತೆ. ಅದೋ, ಮೀನು ಹಿಡಿಯೋ ಬಲೆ ಇದ್ದಂಗಿತ್ತು. ಹಾಲಿನ ಜೊತೆ ಅರ್ಧ ಹಿಟ್ಟೂ ಇಳೀತು. ಸಾಲದ್ದಕ್ಕೆ ನೂಲಿಗೆ ಬಳಿದಿದ್ದ ಗಂಜಿ ತೊಳೆದೇ ಇರ್ಲಿಲ್ಲ, ಹಾಲೆಲ್ಲ ಗಂಜಿ ವಾಸನೆ. ಕೂಸು ಬಾಯಿ ತೆರೀಲಿಲ್ಲ.

ಆಮೇಲೆ ಉಗ್ರಪ್ಪ ಕೂತ. ಅವನಿಗೆ ತನ್ನ ಕೈಕೆಲಸದ ಮೇಲೆ ಬಲು ಜಂಬ. ಎರಡು ದಿನ ಕೂತು ಎಷ್ಟು ಬಿಗಿಯಾಗಿ ನೇಯ್ದ ಅಂದ್ರೆ, ಲಕ್ಕವ್ವ ರಾಗಿ ಹಿಟ್ಟು ತುಂಬಿ ಹಿಂಡ್ತಾಳೆ, ಒಂದು ಹನಿ ಬೀಳುತ್ತೆ, ನಿಲ್ಲುತ್ತೆ. ಇನ್ನೂ ಜೋರಾಗಿ ತಿರುಚಿದ್ಳು. ಹೊಲಿಗೆ ಪಟ್ ಅಂತ ಬಿಟ್ಕೊಂಡು ಅಷ್ಟೂ ಹಿಟ್ಟು ನೆಲದ ಮೇಲೆ. ಮನೇಲಿ ಮೊಳಕೆ ಕಟ್ಟಿದ್ದ ರಾಗಿ ಅಷ್ಟೇ ಇದ್ದಿದ್ದು. ಮುದುಕಿ ಮಣ್ಣಾದ ಹಿಟ್ಟನ್ನ ಕೈಯಲ್ಲೇ ಬಳಿದು ಹೊರಗೆ ಹಾಕಿದ್ಳಂತೆ.

ಹೂಂ ಅನ್ನು. ಎಚ್ಚರ ಇದೀಯಾ? ಹಾಂ.

ಆಮೇಲೆ ಇನ್ನೊಂದಿಷ್ಟು ರಾಗಿ ನೆನೆಹಾಕಿ, ಅದು ಮೊಳಕೆ ಒಡೆದು, ರುಬ್ಬಿದ ದಿನ ಲಕ್ಕವ್ವ ದೊಡ್ಡ ಮಗನ ಹತ್ರ ಹೋದ್ಳು. ಮಲ್ಲಾ, ಕೂಸನ್ನ ಎತ್ಕೋ ಅಂತ ನಾನು ಕೇಳಲ್ಲ, ಮುಖ ನೋಡು ಅಂತಾನೂ ಕೇಳಲ್ಲ, ಒಂದು ತುಂಡು ಬಟ್ಟೆ ನೇಯ್ಕೊಡು ಅಂದ್ಳಂತೆ. ಒಳಗಡೆ ಕೂಸು ಅಳ್ತಾ ಇತ್ತು, ಅಳು ನಡುವೆ ನಡುವೆ ನಿಂತು ಹೋಗ್ತಿತ್ತು. ಕೊನೆಗೆ ಅವನು, ಹಿಟ್ಟು ತಗೊಂಬಾ ನೋಡೋಣ ಅಂದ. ತಿಂಗಳುಗಟ್ಟಲೆ ಆದ್ಮೇಲೆ ಆಡಿದ ಮೊದಲನೇ ಮಾತು ಅದು.

ಹಿಟ್ಟನ್ನ ಎರಡು ಬೆರಳಲ್ಲಿ ಉಜ್ಜಿ ನೋಡಿದ. ತೌಡು ಎಷ್ಟು ದಪ್ಪ, ಹಾಲು ಎಷ್ಟು ನುಣುಪು, ಎಲ್ಲ ಬೆರಳಿಗೇ ಗೊತ್ತಾಯ್ತು. ಮಗ್ಗದ ಗುಂಡಿಗೆ ಇಳಿದು, ಅಷ್ಟು ದಿನದ ಧೂಳು ಒರೆಸಿ, ಸಣ್ಣ ಹತ್ತಿ ನೂಲು ಹೂಡಿ, ತೀರಾ ಸಡಿಲವೂ ಅಲ್ಲ ತೀರಾ ಬಿಗಿಯೂ ಅಲ್ಲ ಹಂಗೆ ನೇಯ್ದ. ನೇಯ್ದು, ಬಿಸಿನೀರಲ್ಲಿ ನೆನೆಸಿ ಗಂಜಿ ಪೂರ್ತಿ ಬಿಡಿಸಿ, ತಾನೇ ಹೊಲಿದ. ಮೂಲೇಲಿ ತೌಡು ಕೂತ್ಕೋಬಾರ್ದು ಅಂತ ತಳಾನ ಗುಂಡಗೆ ಮಾಡಿದ. ಲಕ್ಕವ್ವ ಅದರಲ್ಲಿ ಸೋಸಿದ್ಳು ನೋಡು, ಹಾಲು ಮಲ್ಲಿಗೆ ಥರ ಬೆಳ್ಳಗೆ ದಾರವಾಗಿ ಇಳೀತಂತೆ. ಅದನ್ನ ಸಣ್ಣ ಉರೀಲಿ ತಿರುವಿ ತಿರುವಿ ಕಾಯಿಸಿ, ಆರಿಸಿ, ಸಣ್ಣ ಮೂತಿಯ ಒಳಲೆಯಲ್ಲಿ ಕುಡಿಸಿದ್ರೆ ನೀಲಿ ಒಂದು ತೊಟ್ಟೂ ಬಿಡದೆ ಕುಡಿದು ಮಲಗಿಬಿಡ್ತು.

ಅವತ್ತಿಂದ ಕೂಸಿಗೆ ಮೈ ಹತ್ತಿತು. ಸಿದ್ದಮಲ್ಲ ಮಾತ್ರ ಮತ್ತೆ ಗೋಡೆ ಕಡೆಗೇ ತಿರುಗಿ ಕೂತ.

ಆಮೇಲೆ ಒಂದು ಸಲ ತಮ್ಮಂದಿರಿಬ್ಬರೂ ಸೀರೆ ಗಂಟು ಹೊತ್ಕೊಂಡು ದೂರದ ಸಂತೆಗೆ ಹೋಗಿದ್ದಾಗ ಲಕ್ಕವ್ವನಿಗೆ ಚಳಿಜ್ವರ ಬಂತಂತೆ. ಏಳೋಕಾಗ್ಲಿಲ್ಲ. ಕೂಸಿಗೆ ಹಸಿವಾಯ್ತು. ಮನೇಲಿ ಇನ್ಯಾರಿದ್ದಾರೆ? ಸಿದ್ದಮಲ್ಲನೇ ಎದ್ದ. ಅವ್ವ ಚಾಪೆ ಮೇಲಿಂದ ಹೇಳಿದ ಹಂಗೆ ರುಬ್ಬಿದ, ಸೋಸಿದ, ಕಾಯಿಸಿದ. ಕೂಸನ್ನ ತೊಡೆ ಮೇಲೆ ಹಾಕ್ಕೊಂಡ, ಅದು ಇವನ ಹೆಬ್ಬೆರಳು ಗಟ್ಟಿಯಾಗಿ ಹಿಡ್ಕೊಂಡು ಕುಡೀತು. ಕುಡಿದು ಅಲ್ಲೇ ನಿದ್ದೆ ಹೋಯ್ತು. ಎತ್ತಿ ಮಲಗಿಸಿದ್ರೆ ಎಲ್ಲಿ ಎಚ್ಚರ ಆಗುತ್ತೋ ಅಂತ ಇವನೂ ಅಲುಗಾಡದೆ ಹಂಗೇ ಕಂಬಕ್ಕೆ ಒರಗಿದೋನು ಕಣ್ಣು ಮುಚ್ಚಿಬಿಟ್ಟ. ಚೀಲ ತೊಳೆಯೋದು ಮರೆತೇಹೋಯ್ತು.

ಬೆಳಿಗ್ಗೆ ನೋಡ್ತಾನೆ, ಚೀಲ ಒಣಗಿ ಹಪ್ಪಳ ಆಗಿದೆ, ಹತ್ರ ಹೋದ್ರೆ ಹುಳಿ ಘಮಟು. ಅದರಲ್ಲೇ ಬೇಗ ಬೇಗ ಸೋಸಿ ಹಾಲು ಕಾಯಿಸಿದ್ರೆ, ಅದರ ವಾಸನೆಗೇ ನೀಲಿ ಮುಖ ತಿರುಗಿಸ್ತು. ಸಿದ್ದಮಲ್ಲ ಚೀಲ ಕೈಗೆತ್ಕೊಂಡ. ಇದನ್ನ ಬಿಸಾಕಿ ಬೇರೆ ನೇಯ್ತೀನಿ ಅವ್ವಾ ಅಂದ.

ನೀನು ನೇಯೋ ತನಕ ಕೂಸು ಕಾಯುತ್ತಾ, ಅಂದ್ಳು ಲಕ್ಕವ್ವ. ಹುಳಿ ಬಂದಿರೋದು ತೌಡಿಗಪ್ಪಾ, ಬಟ್ಟೆಗಲ್ಲ. ಚೀಲಾನ ಒಳಗಿಂದ ಹೊರಕ್ಕೆ ತಿರುಗಿಸು. ಬೆಚ್ಚಗಿನ ನೀರಲ್ಲಿ ನೆನೆಸಿ ಬೆರಳಲ್ಲಿ ಉಜ್ಜಿ ತೌಡು ಬಿಡಿಸು, ಕಲ್ಲಿಗೆ ಕುಕ್ಕಬೇಡ, ಎಳೆ ಸರಿದುಹೋಗುತ್ತೆ. ಸೀಗೆಪುಡೀನೂ ಬೇಡ, ಘಮ ಉಳ್ಕೊಂಡ್ರೆ ಮತ್ತೆ ಕುಡಿಯಲ್ಲ ಅದು. ಆಮೇಲೆ ಕುದಿಯೋ ನೀರಿಗೆ ಹಾಕಿ ತೆಗೆದು, ಬಿಸಿಲಿಗೆ ಹರವು.

ಅವನು ಹಂಗೇ ಮಾಡಿದ. ಚೀಲ ಹಗ್ಗದ ಮೇಲೆ ಒಣಗಬೇಕು, ಕೂಸು ಹಸಿವಿಗೆ ಅಳ್ತಾ ಇದೆ. ಏನು ಮಾಡ್ತಾನೆ, ಹೆಗಲಿಗೆ ಹಾಕ್ಕೊಂಡು ಬೀದೀಲಿ ಅತ್ತಿಂದಿತ್ತ ಓಡಾಡಿದ. ಓಡಾಡ್ತಾ ಅದರ ಕಿವೀಲಿ ಮಾತು ಶುರು ಮಾಡ್ದ. ನಿಮ್ಮವ್ವ ಚೆನ್ನಾಜಿ ಇದ್ಳಲ್ಲ, ಅವಳಿಗೂ ಹಸಿವು ತಡೀತಿರ್ಲಿಲ್ಲ ಕಣವ್ವಾ, ಮುದ್ದೆ ಬೇಯೋದ್ರೊಳಗೆ ನಾಲ್ಕು ಸಲ ಒಲೆ ಹತ್ರ ಬರೋಳು, ಆಮೇಲೆ ತನ್ನನ್ನೇ ತಾನು ನೋಡ್ಕೊಂಡು ನಗೋಳು ಅಂದ. ಅವಳು ಹೋದ್ಮೇಲೆ ಆ ಹೆಸರು ಅವನ ಬಾಯಲ್ಲಿ ಬಂದಿದ್ದು ಅವತ್ತೇ. ಬರ್ತಾ ಬರ್ತಾ ಕಣ್ಣಲ್ಲಿ ನೀರು ಸುರೀತು. ಜಗಲಿ ಮೇಲೆ ಕೂತಿದ್ದೋರು ನೋಡಿದ್ರು. ಕೂಸು ಅಳು ನಿಲ್ಲಿಸಿ ಅವನ ಬಾಯನ್ನೇ ನೋಡ್ತಿತ್ತಂತೆ.

ಅಷ್ಟರಲ್ಲಿ ಚೀಲ ಒಣಗಿ, ಮೂಸಿ ನೋಡಿದ್ರೆ ಬರೀ ಬಿಸಿಲಿನ ವಾಸನೆ. ಹೊಸದಾಗಿ ಸೋಸಿ, ಕಾಯಿಸಿ ಕುಡಿಸಿದ. ನೀಲಿ ಹೊಟ್ಟೆ ತುಂಬ ಕುಡೀತು. ಈ ಸಲ ಅವನು ಕೂಸನ್ನ ಬಲಗೈಯಲ್ಲಿ ಹಿಡ್ಕೊಂಡೇ ಎಡಗೈಯಲ್ಲಿ ಚೀಲ ತೊಳೆದ್ನಂತೆ.

ಆಮೇಲೆ ಲಕ್ಕವ್ವನಿಗೆ ಜ್ವರ ಬಿಡ್ತು, ತಮ್ಮಂದಿರೂ ಸಂತೆಯಿಂದ ಬಂದ್ರು. ಮುದುಕಿ ಎದ್ದು, ಸೊಂಟಕ್ಕೆ ಸೆರಗು ಸಿಗಿಸಿ, ಹಾಲು ಸೋಸೋಣ ಅಂತ ಗೂಟದಿಂದ ಚೀಲ ತೆಗೆಯೋಕೆ ಹೋದ್ರೆ, ಸಿದ್ದಮಲ್ಲ ಅಡ್ಡ ಬಂದು, ನೀನು ಕೂತ್ಕೋ ಅವ್ವಾ, ಇವಳಿಗೆ ನನ್ನ ಕೈ ರೂಢಿಯಾಗಿದೆ ಅಂದ್ನಂತೆ. ಲಕ್ಕವ್ವ ಗೂಟದ ಹತ್ರದಿಂದ ಸರಿದ್ಳು. ಹೋಗಿ ಬಾಗಿಲ ಹತ್ರ ಕಾಲು ಚಾಚ್ಕೊಂಡು ಕೂತು, ಎಲೆ ಅಡಿಕೆ ಹಾಕ್ಕೊಂಡು, ಅಪ್ಪ ಮಗಳನ್ನ ನೋಡ್ತಾ ನಿಧಾನಕ್ಕೆ ಜಗಿದ್ಳಂತೆ.

ಕತೆ ಮುಗೀತು ಕಣೇ. ನೀಲಿ ಹೊಟ್ಟೆ ತುಂಬಿಸ್ಕೊಂಡು ಅಪ್ಪನ ತೊಡೆ ಮೇಲೆ ಮಲಗ್ತು, ನೀನು ನನ್ನ ಪಕ್ಕ ಮಲಗು.