ಸರಾಸರಿಯ ಗೆರೆ

“ಗುರುಗಳೇ, ಯಂತ್ರದ ಹಿಂದಿನ ಸ್ಥಿತಿಯನ್ನು ಪರದೆಯ ಮೇಲೆ ತೋರಿಸುವಾಗ ಎಷ್ಟನ್ನು ಬಿಡಬಹುದು?” ಎಂದು ನಿಜಗುಣನೆಂಬ ಶಿಷ್ಯ ಕೇಳಿದ. ಅಂಥ ಪರದೆಗಳನ್ನು ರೂಪಿಸುವುದೇ ಅವನ ಉದ್ಯೋಗವಾಗಿತ್ತು.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಹಾಲು ತಂಪಾಗಿಡುವ ಘಟಕವಿತ್ತು. ಅಲ್ಲಿನ ಯಂತ್ರದ ಮೇಲೆ ನಿಗಾ ಇಡುವ ಪರದೆಯನ್ನು ಒಬ್ಬ ವಿನ್ಯಾಸಕ ಮಾಡಿಕೊಟ್ಟ. ಆ ಕ್ಷಣದ ಉಷ್ಣತೆ ಅದರಲ್ಲಿ ಕಾಣುತ್ತಿತ್ತು. ಹಿಂದಿನದನ್ನು ನೋಡಲು ವಾರ, ತಿಂಗಳು, ವರ್ಷ ಎಂಬ ಮೂರು ಆಯ್ಕೆಗಳಿದ್ದವು. ಮೂರರಲ್ಲೂ ಒಂದು ದಿನಕ್ಕೆ ಒಂದೇ ಬಿಂದು, ಆ ದಿನದ ಸರಾಸರಿ. ನಿಮಿಷ ನಿಮಿಷದ ಉಷ್ಣತೆ ತೋರಿಸುವ ನಾಲ್ಕನೆಯ ಆಯ್ಕೆಯನ್ನೂ ಅವನು ಮೊದಲು ಮಾಡಿದ್ದ. ಗೆರೆ ಗರಗಸದಂತೆ ಕಂಡಿತೆಂದು ತಾನೇ ತೆಗೆದುಹಾಕಿದ. ಪರದೆ ಬಹಳ ಅಚ್ಚುಕಟ್ಟಾಗಿದೆಯೆಂದು ಮಾಲೀಕ ಹೊಗಳಿದ.

ಯಂತ್ರ ನೋಡಿಕೊಳ್ಳುತ್ತಿದ್ದ ಹೆಂಗಸು ಒಂದು ದಿನ ಅವನನ್ನು ತಡೆದು ನಿಲ್ಲಿಸಿದಳು. “ಅಣ್ಣಾ, ಮಧ್ಯಾಹ್ನ ಬಿಸಿ ಏರುತ್ತೆ. ಮಾಲೀಕರು ಬರೋ ಹೊತ್ತಿಗೆ ಇಳಿದಿರುತ್ತೆ. ಏರಿದ್ದನ್ನ ಆಮೇಲೆ ತೋರಿಸೋಕೆ ಇದರಲ್ಲಿ ದಾರಿ ಇಲ್ವಾ?”

“ಅಷ್ಟೆಲ್ಲ ತೋರಿಸಿದರೆ ನೋಡುವವರಿಗೆ ಗೊಂದಲವಾಗುತ್ತಮ್ಮ” ಎಂದು ಅವನು ಹೊರಟುಹೋದ.

ಎರಡು ತಿಂಗಳ ಮೇಲೆ ಒಂದು ಸಂಜೆ ತೊಟ್ಟಿಯ ಹಾಲೆಲ್ಲ ಕೆಟ್ಟಿತು. ಮಾಲೀಕ ವಿನ್ಯಾಸಕನನ್ನು ಕರೆಸಿ ಪರದೆಯ ಮುಂದೆ ನಿಂತ. ಗೆರೆ ನೆಟ್ಟಗಿತ್ತು. ಯಂತ್ರ ಸರಿಯಿದೆ, ಮುಚ್ಚಳ ತೆರೆದಿಟ್ಟು ಮರೆತವಳು ನೀನೇ ಎಂದ. ಅವಳು ವಿನ್ಯಾಸಕನ ಮುಖ ನೋಡಿದಳು. ಈ ಗೆರೆ ಸುಳ್ಳೇ ಎಂದು ಮಾಲೀಕ ಅವನನ್ನೇ ಕೇಳಿದ. ಅಲ್ಲ ಎಂದ ಅವನು. ಸರಾಸರಿ ಸರಿಯಾಗಿಯೇ ಇತ್ತು. ಅಂದೇ ಅವಳ ಕೆಲಸ ಹೋಯಿತು.

ಅವಳ ಜಾಗಕ್ಕೆ ಬಂದವನೂ ಹತ್ತೇ ದಿನದಲ್ಲಿ ಅದೇ ಮಾತು ಹೇಳಿದ. ಆಗ ವಿನ್ಯಾಸಕ ಯಂತ್ರದ ನೆನಪಿನಲ್ಲಿದ್ದ ಅಂಕಿಗಳನ್ನು ತೆರೆದು ನೋಡಿದ. ಒಂದೊಂದು ನಿಮಿಷದ್ದೂ ಅಲ್ಲಿ ಭದ್ರವಾಗಿತ್ತು. ದಿನವೂ ಮಧ್ಯಾಹ್ನ ಬಿಸಿ ಏರಿತ್ತು. ಹಾಲು ಕೆಟ್ಟ ದಿನ ಎರಡು ಗಂಟೆ ಏರಿಯೇ ಇತ್ತು. ಉಳಿದ ಗಂಟೆಗಳ ತಂಪು ಅದನ್ನು ಮುಚ್ಚಿಹಾಕಿತ್ತು. ಅವನ ಕಿವಿ ಕೆಂಪಾಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಅವನು ಸುತ್ತ ನೋಡಿದ.

ಮಾಲೀಕನಿಗೆ ಎಲ್ಲವನ್ನೂ ತಿಳಿಸಿ, ಅವಳ ಮನೆ ಹುಡುಕಿಕೊಂಡು ಹೋದ. ಅವಳು ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ತಪ್ಪು ನಿಮ್ಮದಲ್ಲವೆಂದು ಗೊತ್ತಾಯಿತು, ಮಾಲೀಕರು ಮತ್ತೆ ಕರೆದಿದ್ದಾರೆ ಎಂದ.

ಅವಳು ಮೊರದಿಂದ ಕಣ್ಣೆತ್ತಲಿಲ್ಲ. “ನನ್ನ ತಪ್ಪಲ್ಲ ಅನ್ನೋದು ನನಗೆ ಅವತ್ತೇ ಗೊತ್ತಿತ್ತಲ್ಲಣ್ಣಾ” ಎಂದಳು.

ಅವನು ಕ್ಷಮೆ ಕೇಳಲೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಆಡದೆಯೇ ಅಲ್ಲಿಂದ ಹೊರಟ. ಮರಳಿ ಬಂದು ನಾಲ್ಕನೆಯ ಆಯ್ಕೆಯನ್ನು ಪರದೆಗೆ ಸೇರಿಸಿದ. ಅವಳು ಮಾತ್ರ ಆ ಘಟಕಕ್ಕೆ ಮತ್ತೆ ಕಾಲಿಡಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನಿಜಗುಣ, “ಆದರೆ ಅವನು ಸುಳ್ಳನ್ನೇನೂ ತೋರಿಸಿರಲಿಲ್ಲವಲ್ಲ, ಗುರುಗಳೇ?” ಎಂದ.

“ಇಲ್ಲ, ಅವಳ ಕೆಲಸ ಕಳೆಯಲು ಸುಳ್ಳಿನ ಅಗತ್ಯವೇ ಬೀಳಲಿಲ್ಲ” ಎಂದರು ಗುರುಗಳು.