ಹೊಸ್ತಿಲು ದಾಟಿದ ಮಾತು

ಕರಿಹಳ್ಳದ ಮಠದ ಪೂಜ್ಯ ಶ್ರೀ ಮರುಳಲಿಂಗ ಸ್ವಾಮಿಗಳವರಿಗೆ ಗದ್ದುಗೆಗಿಂತ ದಾಸೋಹದ ಅಡುಗೆಮನೆಯೇ ಪ್ರಿಯ. ದರ್ಶನಕ್ಕೆ ಬಂದವರಿಗೆ ಅವರು ಹೆಚ್ಚಾಗಿ ಜೋಳ ಹಸನು ಮಾಡುತ್ತಲೇ ಸಿಗುತ್ತಿದ್ದರು. ಕುಡಿತ ಬಿಟ್ಟವರು, ಬಿಡಬೇಕೆಂದಿದ್ದವರು ಪ್ರತಿ ಸೋಮವಾರ ಸಂಜೆ ಮಠದ ಪಡಸಾಲೆಯಲ್ಲಿ ಸೇರಿ ಒಬ್ಬರಿಗೊಬ್ಬರು ಮನಸ್ಸು ಬಿಚ್ಚುವ ಪದ್ಧತಿಯನ್ನು ಸ್ವಾಮಿಗಳೇ ಹಾಕಿಕೊಟ್ಟಿದ್ದರು. ಕಟ್ಟಳೆ ಒಂದೇ: ಅಲ್ಲಿ ಆಡಿದ್ದು ಹೊಸ್ತಿಲು ದಾಟಬಾರದು.

ಕುಡಿತ ಬಿಟ್ಟು ಐದು ವರ್ಷವಾಗಿದ್ದ ಬಡಿಗ ಗುರುಪಾದಪ್ಪ ಆ ಕೂಟದ ಹಿರಿಯ. ಸುತ್ತಲಿನ ಊರವರು ಅವನನ್ನು ಭಾಷಣಕ್ಕೂ ಕರೆಯತೊಡಗಿದ್ದರು. ಅಂಥ ಒಂದು ಸಭೆಯಲ್ಲಿ ಅವನು, ಮಗಳಿಗೆ ಜ್ವರವೇರಿದ ದಿನ ಔಷಧ ತರಲು ಹೋಗಿ ಸಾರಾಯಿ ಅಂಗಡಿಯಲ್ಲಿ ಕುಳಿತುಬಿಟ್ಟ ತಂದೆಯೊಬ್ಬನ ಕಥೆ ಹೇಳಿದ. ಜನ ಕಣ್ಣೊರೆಸಿಕೊಂಡರು. ಹೆಂಗಸರ ಸಾಲಿನಿಂದ ನೀಲವ್ವ ಎದ್ದು ಹೋದಳು. ತಮ್ಮ ಮಗಳು ತೀರಿಹೋದ ಆ ದಿನ ಔಷಧದಂಗಡಿ ಮುಚ್ಚಿತ್ತೆಂದೇ ಗಂಡ ದ್ಯಾಮಣ್ಣ ಅವಳನ್ನು ನಂಬಿಸಿದ್ದ. ನಿಜವನ್ನು ಅವನು ಹೇಳಿಕೊಂಡು ಅತ್ತಿದ್ದು ಸೋಮವಾರದ ಕೂಟದಲ್ಲಿ ಮಾತ್ರ.

ನೀಲವ್ವ ತವರಿಗೆ ಹೋದಳು. ದ್ಯಾಮಣ್ಣ ಮತ್ತೆ ಕುಡಿಯತೊಡಗಿದ.

ಗುರುಪಾದಪ್ಪ ಮಠಕ್ಕೆ ಬಂದು ಸ್ವಾಮಿಗಳ ಮುಂದೆ ಕೈಕಟ್ಟಿ ನಿಂತ. ತಪ್ಪೊಪ್ಪಿಕೊಳ್ಳಲೆಂದೇ ಬಂದಿದ್ದ, ಬಾಯಿಂದ ಬಂದದ್ದು ಸಮರ್ಥನೆ.

"ನಾ ಯಾರ ಹೆಸರೂ ಹೇಳಿಲ್ರೀ ಅಪ್ಪಾರ. ನಾಲ್ಕು ಮಂದಿಗೆ ಒಳ್ಳೇದಾಗಲಿ ಅಂತ ಹೇಳಿದೆ."

ಸ್ವಾಮಿಗಳು ತಲೆಯೆತ್ತಿ ನೋಡಿದರು. "ಹೇಳಾಕ ನಿಂದೊಂದು ಕಥಿ ಇರಲಿಲ್ಲೇನಪಾ?"

ಇತ್ತು. ಕುಡಿದ ಮತ್ತಿನಲ್ಲಿ ಹಡೆದವ್ವನನ್ನು ಮೆಟ್ಟಿಲಿನಿಂದ ನೂಕಿದ್ದನ್ನು ಐದು ವರ್ಷದಲ್ಲಿ ಒಮ್ಮೆಯೂ ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲ ಸರಿಮಾಡುವ ದಾರಿ ತೋರಿಸಿರೆಂದು ಬೇಡಿಕೊಂಡ.

"ಆಡಿದ್ದನ್ನ ತಿರುಗಿ ತರೂದು ನನ್ನ ಕೈಲೂ ಆಗೂದಿಲ್ಲ," ಎಂದರು ಸ್ವಾಮಿಗಳು. "ಹೋಗಿ ಅವನ ಬಾಜೂಕ ಕೂಡು."

ಗುರುಪಾದಪ್ಪ ದಿನವೂ ಕೆಲಸ ಮುಗಿಸಿ ದ್ಯಾಮಣ್ಣನ ಕಟ್ಟೆಗೆ ಹೋಗಿ ಕೂರತೊಡಗಿದ. ಮೊದಮೊದಲು ಬೈಗುಳ ತಿಂದ. ಆಮೇಲೆ ಅದೂ ಇಲ್ಲ. ಸೋಮವಾರದ ಕೂಟದಲ್ಲಿ ತನ್ನ ತಾಯಿಯ ಸಂಗತಿಯನ್ನು ಪೂರ್ತಿ ಹೇಳಿದ. ವೇದಿಕೆ ಮತ್ತೆಂದೂ ಹತ್ತಲಿಲ್ಲ.

ಎಂಟು ತಿಂಗಳ ಮೇಲೆ ದ್ಯಾಮಣ್ಣ ಕುಡಿತ ಬಿಟ್ಟು ಪಡಸಾಲೆಗೆ ಬಂದ. ನೀಲವ್ವ ಮರಳಲಿಲ್ಲ. ತನ್ನ ಸರದಿ ಬಂದಾಗಲೆಲ್ಲ ದ್ಯಾಮಣ್ಣ ಸುಮ್ಮನೆ ತಲೆಯಾಡಿಸುತ್ತಿದ್ದ. ಕಡೆಯವರೆಗೂ ಆ ಕೂಟದಲ್ಲಿ ಅವನು ಒಂದು ಮಾತೂ ಆಡಲಿಲ್ಲ. ಪಕ್ಕದಲ್ಲಿ ಕುಳಿತ ಗುರುಪಾದಪ್ಪ ಪ್ರತಿ ಸೋಮವಾರ ಆ ಮೌನವನ್ನು ಕೇಳಿಸಿಕೊಂಡ.